ಬುಡಕ್ಕಿಂತ ಎರಡು ಸೆಂಟಿಮೀಟರ್ ಕೆಳಗೆ

ಜನವರಿ 8

ಚೂಟಿ,

ನಿನ್ನ ಆಸ್ಪತ್ರೆಯಿಂದ ನನಗೊಂದು ಅಚ್ಚಾದ ಕಾಗದ ಬಂದಿದೆ. "ಮಾನ್ಯ ಮುಖ್ಯ ಶಸ್ತ್ರಚಿಕಿತ್ಸಕರೇ, ಕಾಲಿನ ರಕ್ತನಾಳದ ಕಾಯಿಲೆಗಳಿಗೆ ಲೇಸರ್ ಚಿಕಿತ್ಸೆ ಕಲಿಸುವ ನಮ್ಮ ತರಬೇತಿಗೆ ತಮಗೆ ಆದರದ ಸ್ವಾಗತ" ಅಂತ. ಕೆಳಗೆ ಸಹಿ ಯಾರದಪ್ಪಾ ಎಂದು ನೋಡಿದರೆ ನಿನ್ನದೇ! ನಿಮ್ಮಮ್ಮನಿಗೆ ಓದಿ ಹೇಳಿದೆ. ನಕ್ಕು ನಕ್ಕು ಕಣ್ಣೊರೆಸಿಕೊಂಡಳು. "ನೀವು ಅವಳನ್ನ ಓದಿಸಿದ್ದು ಸಾರ್ಥಕ ಆಯ್ತು ಬಿಡಿ, ಈಗ ನಿಮ್ಮನ್ನೇ ಬೆಂಚಿನ ಮೇಲೆ ಕೂರಿಸ್ತಾಳಂತೆ" ಅಂದಳು.

ಫೋನ್ ಮಾಡಬಹುದಿತ್ತಲ್ಲ ಅನ್ನಬೇಡ. ಫೋನಿನಲ್ಲಿ ನೀನು ನನ್ನ ಮಾತು ಮುಗಿಯಲು ಬಿಡುವುದಿಲ್ಲ, ನಾನು ನಿನ್ನದು ಶುರುವಾಗಲು ಬಿಡುವುದಿಲ್ಲ. ಕಾಗದವಾದರೆ ನಡುವೆ ಬಾಯಿ ಹಾಕಲು ಯಾರಿಂದಲೂ ಆಗದು.

ವಿಷಯಕ್ಕೆ ಬರುತ್ತೇನೆ. ನಾನು ಬರುವುದಿಲ್ಲ. ತೊಡೆಯ ಸಂದಿಯಲ್ಲಿ ಕೊಯ್ದು, ಉಬ್ಬಿದ ನರವನ್ನು ಅದರ ಬುಡಕ್ಕೇ ಗಂಟು ಹಾಕಿ, ಎಳೆದು ತೆಗೆಯುತ್ತಲೇ ನನ್ನ ತಲೆ ಬೆಳ್ಳಗಾಯಿತು. ಪುಸ್ತಕದ ಪ್ರಕಾರ ಅದು ನರವಲ್ಲ, ರಕ್ತನಾಳ. ಆದರೆ ಊರೆಲ್ಲ ನರ ಎನ್ನುತ್ತದೆ, ನಾನೂ ಎನ್ನುತ್ತೇನೆ. ಬುಡ ಬಿಟ್ಟು ಕಟ್ಟಿದರೆ ಉಳಿದ ಮೋಟು ಮತ್ತೆ ಚಿಗುರುತ್ತದೆ ಎಂದು ನಿನ್ನ ಕೈ ಹಿಡಿದು ಕಲಿಸಿದವನೂ ನಾನೇ. ಆ ಕೆಲಸದಲ್ಲಿ ನನಗೆ ಹೊಸ ಪಾಠ ಬೇಕಿಲ್ಲ.

ನಿಮ್ಮ ಯೋಜನೆಯನ್ನು ಪೂರ್ತಿ ಓದಿದೆ. ಸುತ್ತಲ ಆಸ್ಪತ್ರೆಗಳೆಲ್ಲ ಸೇರಿ ಒಕ್ಕೂಟ ಮಾಡಿಕೊಂಡಿದ್ದೀರಿ, ಎಲ್ಲಕ್ಕೂ ಸೇರಿ ಒಂದೇ ಲೇಸರ್ ಯಂತ್ರ, ಅದು ವ್ಯಾನಿನಲ್ಲಿ ಊರೂರು ಸುತ್ತುತ್ತದೆ. ತರಬೇತಿಯಲ್ಲಿ ಪಾಸಾದ ಸರ್ಜನ್ ಮತ್ತು ನರ್ಸ್ ಇರುವ ಆಸ್ಪತ್ರೆಯ ಮುಂದೆ ಮಾತ್ರ ಅದು ನಿಲ್ಲುತ್ತದೆ. ಚೆನ್ನಾಗಿದೆ. ನನ್ನನ್ನು ಬಿಟ್ಟು ಮಾಡಿಕೊಳ್ಳಿ.

ಆಸ್ಪತ್ರೆ ಎದುರಿನ ಇಸ್ತ್ರಿಯಮ್ಮ ನಿನ್ನನ್ನು ಕೇಳಿದಳು. ಅವಳ ಕಣಕಾಲಿನ ಹುಣ್ಣು ಹಾಗೇ ಇದೆ.

ನಿನ್ನ ಅಪ್ಪ

*

ಜನವರಿ 19

ಅಪ್ಪಾ,

ನಡುವೆ ಬಾಯಿ ಹಾಕಲಾಗದೆ ನಿಮ್ಮ ಕಾಗದವನ್ನು ಕೊನೆಯವರೆಗೂ ಓದಿದೆ. ಬಹಳ ಕಷ್ಟವಾಯಿತು.

ಇಸ್ತ್ರಿಯಮ್ಮನ ಹುಣ್ಣು ಹಾಗೇ ಇದೆ ಎಂದು ಒಂದು ಸಾಲಿನಲ್ಲಿ ಮುಗಿಸಿಬಿಟ್ಟಿರಿ. ನಾನು ನಿಮ್ಮ ಕೈಕೆಳಗೆ ಕೆಲಸ ಕಲಿಯುತ್ತಿದ್ದಾಗಲೂ ಅದು ಹಾಗೇ ಇತ್ತು. ನೀವು ಆಪರೇಷನ್ ಮಾಡಿದ ಅವಳ ಬಲಗಾಲು ಇವತ್ತಿಗೂ ಗಟ್ಟಿಯಾಗಿದೆ, ಅದನ್ನು ನಾನೇ ಎಲ್ಲರಿಗೂ ಹೇಳುತ್ತೇನೆ. ಎಡಗಾಲಿನ ಸರದಿ ಬರುವ ಹೊತ್ತಿಗೆ ಅವಳ ಹೃದಯ ದುರ್ಬಲವಾಗಿತ್ತು. ಪೂರ್ತಿ ಅರಿವಳಿಕೆ ಕೊಡಲು ಯಾರೂ ಒಪ್ಪಲಿಲ್ಲ. ನಿಮ್ಮ ಕೈ ಎಷ್ಟೇ ಪಳಗಿದ್ದರೂ ಆ ಕಾಲನ್ನು ಮುಟ್ಟಲು ನಿಮಗೆ ದಾರಿಯಿಲ್ಲ.

ಲೇಸರ್‌ಗೆ ದಾರಿ ಇದೆ. ಕಾಲನ್ನಷ್ಟೇ ಮರಗಟ್ಟಿಸಿ, ಸೂಜಿ ತೂರುವಷ್ಟು ತೂತಿನಿಂದ ಕೂದಲಿನಂಥ ಫೈಬರ್ ಹಾಕಿ, ಒಳಗಿನಿಂದಲೇ ನರವನ್ನು ಸುಟ್ಟು ಮುಚ್ಚುವುದು. ಅವಳು ನಡೆದುಕೊಂಡೇ ಅಂಗಡಿಗೆ ಹೋಗಬಹುದು. ಇಲ್ಲಿಗೆ ಬಾ ಎಂದು ಎಷ್ಟು ಸಲ ಕರೆದೆ. ಅಷ್ಟು ಹೊತ್ತು ಬಸ್ಸಿನಲ್ಲಿ ಕಾಲು ಇಳಿಬಿಟ್ಟು ಕೂತರೆ ಕಾಲು ಕೊಡವಾಗುತ್ತದೆ ಎನ್ನುತ್ತಾಳೆ, ಅದೂ ನಿಜವೇ. ವ್ಯಾನು ಅವಳಿರುವಲ್ಲಿಗೆ ಬರಬೇಕು. ಅದು ಬರಬೇಕಾದರೆ ನೀವು ಇಲ್ಲಿಗೆ ಬರಬೇಕು. ಅಲ್ಲಿ ಬೇರೆ ಸರ್ಜನ್ ಇದ್ದಿದ್ದರೆ ನಿಮ್ಮ ತಂಟೆಗೇ ಬರುತ್ತಿರಲಿಲ್ಲ.

ನಿಯಮ ಮೊದಲೇ ಹೇಳಿಬಿಡುತ್ತೇನೆ. ಕೊನೆಗೆ ಪರೀಕ್ಷೆ. ಪರೀಕ್ಷಕರು ಇಬ್ಬರು, ಒಬ್ಬರು ಬೇಡ ಎಂದರೂ ಬೇಡ. ಫೇಲಾದರೆ ಇನ್ನೊಂದೇ ಅವಕಾಶ. ಅದೂ ಹೋದರೆ ನಿಮ್ಮ ಆಸ್ಪತ್ರೆಯ ಸರದಿ, ಕಾಯುತ್ತಿರುವ ಬೇರೆ ಆಸ್ಪತ್ರೆಗೆ ಹೋಗುತ್ತದೆ. ಮಗಳೆಂಬ ರಿಯಾಯಿತಿ ಕೇಳಬೇಡಿ. ಕೇಳುವವರಲ್ಲ ಅಂತ ಗೊತ್ತು, ಆದರೂ ಬರೆದಿಟ್ಟಿದ್ದೇನೆ.

ಬನ್ನಿ ಅಪ್ಪಾ.

ಚೂಟಿ

*

ಫೆಬ್ರವರಿ 2

ಚೂಟಿ,

ಬರುತ್ತೇನೆ. ನಿನ್ನ ಕಾಗದದಿಂದ ಅಂತ ಬೀಗಬೇಡ.

ನಿನ್ನೆ ಇಸ್ತ್ರಿಯಮ್ಮನ ಡ್ರೆಸ್ಸಿಂಗ್ ಮಾಡುತ್ತಿದ್ದೆ. ಅವಳ ಬಾಯಿ ನಿನಗೆ ಗೊತ್ತಲ್ಲ. "ಡಾಕ್ಟ್ರೇ, ನಿಮ್ಮ ಮಗಳು ಏನೋ ಹೊಸಾದು ಮಾಡ್ತಾಳಂತಲ್ಲ, ನೀವ್ಯಾಕೆ ಮಾಡಲ್ಲ?" ಅಂದಳು. ಅದಕ್ಕೆ ಅಲ್ಲಿಗೆ ಹೋಗಿ ಕಲಿಯಬೇಕು, ಪರೀಕ್ಷೆ ಬರೀಬೇಕು ಅಂದೆ. ಅವಳು ಕೆಳಗಿನಿಂದ ಮೇಲಕ್ಕೆ ನನ್ನನ್ನೊಮ್ಮೆ ನೋಡಿ, "ಅಯ್ಯೋ, ಫೇಲಾಗ್ತೀರಾ ಅಂತ ಭಯವಾ?" ಅಂದಳು. ಸಿಸ್ಟರ್ ನಗು ತಡೆಯಲಾರದೆ ಟ್ರೇ ಹಿಡಿದು ಆಚೆ ಹೋದರು. ನನಗೆ ಮೈಯೆಲ್ಲ ಉರಿದುಹೋಯಿತು.

ಸಿಸ್ಟರ್ ಕೂಡ ನನ್ನ ಜೊತೆ ಬರುತ್ತಾರೆ. ಒಂದು ಮಾತು. ಆಪರೇಷನ್ ಥಿಯೇಟರಿನಲ್ಲಿ ನನ್ನನ್ನು ಅಪ್ಪಾ ಎಂದು ಕರೆಯಕೂಡದು. ಅಲ್ಲಿ ನಾನೂ ನಿನ್ನನ್ನು ಬಹುವಚನದಲ್ಲೇ ಮಾತಾಡಿಸುತ್ತೇನೆ. ನಾಲಿಗೆ ಹೊರಳುತ್ತದೋ ಇಲ್ಲವೋ ನೋಡೋಣ.

ಅಪ್ಪ

*

ಮಾರ್ಚ್ 17

ಅಪ್ಪಾ,

ಹೇಳದೆ ಕೇಳದೆ ಬಸ್ಸು ಹತ್ತಿಬಿಟ್ಟಿರಿ. ನಿಮ್ಮ ಕನ್ನಡಕದ ಡಬ್ಬಿ ಥಿಯೇಟರಿನ ಹೊರಗಿನ ಬೆಂಚಿನ ಮೇಲೇ ಇತ್ತು, ಸಿಸ್ಟರ್ ಕೈಯಲ್ಲಿ ಕೊಟ್ಟಿದ್ದೇನೆ. ಸಿಸ್ಟರ್ ಬಿಗಿ ಬ್ಯಾಂಡೇಜಿನ ಪರೀಕ್ಷೆಯಲ್ಲಿ ಪಾಸಾಗಿದ್ದಾರೆ. ನಿಮಗೆ ಹೇಳಲು ಅವರಿಗೆ ಸಂಕೋಚವಂತೆ, ನೀವೇ ಕೇಳಿ.

ಎಲ್ಲರೆದುರು ಆದದ್ದನ್ನು ನಿಮಗೊಬ್ಬರಿಗೇ ಇನ್ನೊಮ್ಮೆ ಹೇಳಬೇಕು. ರೋಗಿಯನ್ನು ನಿಲ್ಲಿಸಿ, ರಕ್ತದ ಹರಿವು ತೋರಿಸುವ ಡಾಪ್ಲರ್ ಹಿಡಿದು ನರದ ದಾರಿಯನ್ನು ಪೆನ್ನಿನಿಂದ ಗುರುತಿಸಿದಿರಿ. ಮೀಸೆ ಡಾಕ್ಟರು, ಅದೇ ನನ್ನ ಜೊತೆಗಿದ್ದ ಇನ್ನೊಬ್ಬ ಪರೀಕ್ಷಕರು, ಬೇರೆಯವರಿಗೆ ತೋರಿಸಲೆಂದು ಆ ಗೆರೆಯ ಫೋಟೋ ತೆಗೆಸಿದರು. ಸೂಜಿ ಒಂದೇ ಸಲಕ್ಕೆ ಒಳಗೆ ಹೋಯಿತು. ಫೈಬರ್ ಮೇಲೇರಿತು. ಒಳಗಿನ ದೊಡ್ಡ ನಾಳಕ್ಕೆ ನರ ಸೇರುವ ಬುಡಕ್ಕಿಂತ ಎರಡು ಸೆಂಟಿಮೀಟರ್ ಕೆಳಗೆ ನೀವು ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಬುಡಕ್ಕೇ ಒಯ್ದಿರಿ. ಹಿಂದಕ್ಕೆ ಎಳೆದುಕೊಳ್ಳುತ್ತೀರಿ ಎಂದು ಪರದೆ ನೋಡುತ್ತಾ ಕಾದೆ. ಎಳೆಯಲಿಲ್ಲ. ಲೇಸರ್ ಉರಿಸುವ ಪೆಡಲ್ ಮೇಲೆ ನಿಮ್ಮ ಕಾಲು ಬಂತು. ಆಗ "ಪೆಡಲ್‌ನಿಂದ ಕಾಲು ತೆಗೀರಿ ಸರ್" ಅಂದೆ. ಜೋರಾಗಿಯೇ ಅಂದೆ.

ಒತ್ತಿದ್ದರೆ ಆ ಬಿಸಿಗೆ ದೊಡ್ಡ ನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದಿತ್ತು, ಹೆಪ್ಪು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋಗಬಹುದಿತ್ತು. ನಿಮಗೆ ಇದು ಗೊತ್ತು. ಪಾಠದಲ್ಲಿ ನಾನು ಕೇಳಿದಾಗ ಎಲ್ಲರಿಗಿಂತ ಮೊದಲು ಉತ್ತರ ಹೇಳಿದವರೇ ನೀವು. ಆದರೆ ಬುಡಕ್ಕೆ ಹೋಗು, ಬುಡಕ್ಕೆ ಹೋಗು ಎಂದು ಇಷ್ಟು ವರ್ಷ ನಿಮ್ಮ ಕೈಗೆ ನೀವೇ ಹೇಳಿಕೊಟ್ಟಿದ್ದೀರಿ. ಅದು ನಿಮ್ಮ ಮಾತು ಕೇಳಿತು. ಅದೇ ಪಾಠ ಕಲಿತ ನನ್ನ ಕೈಯನ್ನು ತಿದ್ದಲು ನನಗೂ ತಿಂಗಳುಗಳು ಹಿಡಿದವು.

ಮೀಸೆ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದರು. "ಪಾಸ್ ಮಾಡೋಣಮ್ಮ, ಹಿರಿಯರು. ಊರಲ್ಲಿ ಒಂದೆರಡು ಕೇಸ್ ಮಾಡಿದ್ರೆ ಕೈ ತಾನಾಗೇ ಸರಿಹೋಗುತ್ತೆ" ಅಂದರು. ಆ ಒಂದೆರಡು ಕೇಸಿನಲ್ಲಿ ಒಂದು ಇಸ್ತ್ರಿಯಮ್ಮನದು ಎಂದು ಅವರಿಗೇನು ಗೊತ್ತು? ನಾನು ಬೇಡ ಅಂದೆ. ಇವತ್ತೂ ಅದನ್ನೇ ಅನ್ನುತ್ತೇನೆ.

ಮುಂದಿನ ಪರೀಕ್ಷೆ ಜೂನ್ ಕೊನೆಗೆ. ಒಂದು ಸಾಲು ಬರೆಯಿರಿ.

ಚೂಟಿ

*

ಏಪ್ರಿಲ್ 6

ಅಪ್ಪಾ,

ಅಂಚೆಯವನನ್ನು ಕಂಡರೆ ಎದ್ದು ನಿಲ್ಲುವ ಹಾಗಾಗಿದೆ. ಫೋನ್ ಮಾಡಿದರೆ ಅಮ್ಮ ಎತ್ತುತ್ತಾಳೆ, ನೀವು ಸ್ನಾನಕ್ಕೆ ಹೋಗಿದ್ದೀರಿ ಎನ್ನುತ್ತಾಳೆ. ಎಷ್ಟು ಸಲ ಸ್ನಾನ ಮಾಡುತ್ತೀರಿ?

ಕೋಪ ಮಾಡಿಕೊಳ್ಳಿ, ಬೈಯಿರಿ. ನನ್ನ ಮೇಲಿನ ಸಿಟ್ಟಿಗೆ ಜೂನ್ ಮಾತ್ರ ತಪ್ಪಿಸಬೇಡಿ. ನಿಮ್ಮ ಆಸ್ಪತ್ರೆಯ ಜಾಗಕ್ಕೆ ಎರಡು ಆಸ್ಪತ್ರೆಗಳು ಆಗಲೇ ಅರ್ಜಿ ಹಾಕಿವೆ.

ಚೂಟಿ

*

ಏಪ್ರಿಲ್ 15

ಚೂಟಿ,

ನಾನೇ ಬರೀತಿದ್ದೀನಿ ಕಣೇ, ನಿಮ್ಮಪ್ಪ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದಾರೆ. ನಿನ್ನ ಕಾಗದಗಳನ್ನು ಓದಿಲ್ಲ ಅಂತ ನಟನೆ. ಮೊದಲನೆಯದು ಮಡಿಸಿ ಮಡಿಸಿ ಅಂಚು ಹರಿದುಹೋಗಿದೆ.

ಎಲ್ಲರ ಮುಂದೆ ಹಾಗನ್ನಬೇಕಿತ್ತೇನೇ? ನಾನು ಹೆತ್ತವಳು, ಕೇಳಿಯೇ ಕೇಳುತ್ತೇನೆ. ಅವರು ಮನೆಗೆ ಬಂದಾಗಿನ ಮುಖ ನೋಡಿ ನನಗೆ ನಿನ್ನ ಮೇಲೆ ಎಲ್ಲಿಲ್ಲದ ಸಿಟ್ಟು ಬಂದಿತ್ತು. ಸಿಸ್ಟರ್ ಎಲ್ಲ ಬಿಡಿಸಿ ಹೇಳಿದ ಮೇಲೆ ಸಿಟ್ಟು ಇಳಿಯಿತು. ಬೇಜಾರು ಇಳಿದಿಲ್ಲ. ನೀನು ಮಾಡಿದ್ದು ತಪ್ಪು ಅಂತ ಮಾತ್ರ ನಾನು ಹೇಳಲ್ಲ.

ಈಗ ಕೇಳು. ಮೊನ್ನೆ ಇಸ್ತ್ರಿಯಮ್ಮ ಮೇಜಿನ ಮುಂದೆ ನಿಂತಿದ್ದಾಗ ಹುಣ್ಣಿನ ಪಕ್ಕದ ನರ ಒಡೆದು ರಕ್ತ ಚಿಮ್ಮಿಬಿಟ್ಟಿತು. ಅವಳಿಗೆ ನೋವೇ ಆಗಲಿಲ್ಲವಂತೆ, ಚಪ್ಪಲಿ ಒದ್ದೆಯಾದಾಗ ನೋಡಿಕೊಂಡಳಂತೆ. ಗಿರಾಕಿಯೊಬ್ಬ ಕೂಗುತ್ತಾ ಆಸ್ಪತ್ರೆಗೆ ಓಡಿದ. ನಿಮ್ಮಪ್ಪ, ಸಿಸ್ಟರ್ ಇಬ್ಬರೂ ಓಡಿದರು. ಮಲಗಿಸಿ, ಕಾಲೆತ್ತಿ, ಒತ್ತಿ ಹಿಡಿದು ನಿಲ್ಲಿಸಿದರು. ಪ್ರಾಣಕ್ಕೇನೂ ಆಗಲಿಲ್ಲ. ಅಂಥ ಹೊತ್ತಲ್ಲೂ ಅವಳು, "ಬಿಳೀ ಅಂಗಿಗಳಿಗೆ ತಾಗೀತು, ಆ ಕಡೆ ಸರಿಸಿ" ಅಂತ ಕೂಗುತ್ತಿದ್ದಳಂತೆ.

ನಿಮ್ಮಪ್ಪ ಮನೆಗೆ ಬಂದು ಪ್ಯಾಂಟಿನ ಕಲೆ ತಾವೇ ತೊಳೆದುಕೊಂಡರು. ಆಮೇಲೆ ನಿನ್ನ ಹಳೇ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಕಿಟಕಿಯಿಂದ ಇಣುಕಿ ನೋಡಿದರೆ ನೀವು ಕೊಟ್ಟ ತರಬೇತಿ ಪುಸ್ತಕ ಹಿಡಿದು ಓದುತ್ತಿದ್ದರು. ನಾನು ಸದ್ದಿಲ್ಲದೆ ವಾಪಸು ಬಂದೆ.

ನೀನು ಮೈ ಕಡೆ ನೋಡಿಕೋ.

ಅಮ್ಮ

*

ಏಪ್ರಿಲ್ 26

ತರಬೇತಿ ವಿಭಾಗಕ್ಕೆ,

ಕೆಳಗಿನ ವಿಷಯಗಳನ್ನು ಸ್ಪಷ್ಟಪಡಿಸಬೇಕು.

ಎರಡು ಸೆಂಟಿಮೀಟರ್ ಎಂದರೆ ಎಲ್ಲಿಂದ ಅಳೆಯುವುದು? ದೊಡ್ಡ ನಾಳದ ಗೋಡೆಯಿಂದಲೋ, ನರ ಬಾಗುವ ಮೂಲೆಯಿಂದಲೋ? ನಿಮ್ಮ ಪುಸ್ತಕದ ಚಿತ್ರದಲ್ಲಿ ಒಂದು ರೀತಿ, ಬರಹದಲ್ಲಿ ಇನ್ನೊಂದು ರೀತಿ ಇದೆ. ಪುಸ್ತಕ ಮಾಡುವವರು ಒಮ್ಮೆಯಾದರೂ ಓದಿ ನೋಡುವುದು ಒಳ್ಳೆಯದು.

ನರದ ಸುತ್ತಲೂ ಮರಗಟ್ಟಿಸುವ ಔಷಧ ತುಂಬಿದ ಮೇಲೆ ಫೈಬರ್ ತುದಿ ಸರಿದಿರಬಹುದು. ಆಗ ಮತ್ತೆ ಅಳೆಯಬೇಕೇ? ಅಳೆಯಬೇಕು ಎಂದಾದರೆ ಅದನ್ನು ದಪ್ಪಕ್ಷರದಲ್ಲಿ ಏಕೆ ಹಾಕಿಲ್ಲ?

ಲೇಸರ್ ಇಲ್ಲದ ಊರಿನಲ್ಲಿ ಕೈಗೆ ಅಭ್ಯಾಸ ಮಾಡಿಸುವ ದಾರಿ ಏನು? ನಮ್ಮಲ್ಲಿ ಬಸುರಿಯರನ್ನು ನೋಡುವ ಅಲ್ಟ್ರಾಸೌಂಡ್ ಯಂತ್ರ ಮಧ್ಯಾಹ್ನ ಖಾಲಿ ಇರುತ್ತದೆ.

ಮುಖ್ಯ ಶಸ್ತ್ರಚಿಕಿತ್ಸಕ

*

ಮೇ 3

ಮಾನ್ಯ ಮುಖ್ಯ ಶಸ್ತ್ರಚಿಕಿತ್ಸಕರೇ,

ನರ ದೊಡ್ಡ ನಾಳವನ್ನು ಸೇರುವ ಬಾಯಿಯಿಂದಲೇ ಅಳೆಯಬೇಕು. ಚಿತ್ರ ಸರಿ, ಬರಹ ತಪ್ಪು. ತಿದ್ದಿಸಿದ್ದೇವೆ. ಇಷ್ಟು ಜನ ಓದಿದರು, ನಿಮ್ಮನ್ನು ಬಿಟ್ಟು ಯಾರೂ ಇದನ್ನು ಹಿಡಿಯಲಿಲ್ಲ.

ಔಷಧ ತುಂಬಿದ ಮೇಲೆ ಮತ್ತೆ ಅಳೆಯಲೇಬೇಕು. ಪೆಡಲ್ ಮುಟ್ಟುವ ಮುನ್ನ ಅಳತೆಯನ್ನು ಬಾಯಿಬಿಟ್ಟು ಹೇಳಿ, ಪಕ್ಕದವರು ಪರದೆ ನೋಡಿ ಹೌದು ಅನ್ನಬೇಕು. ನಾವು ಇಲ್ಲಿ ಎಲ್ಲರೂ ಹಾಗೇ ಮಾಡುತ್ತೇವೆ, ನಾನೂ ಮಾಡುತ್ತೇನೆ. ಇದು ಇನ್ನು ಮುಂದೆ ದಪ್ಪಕ್ಷರದಲ್ಲಿರುತ್ತದೆ.

ಅಭ್ಯಾಸಕ್ಕೆ ಅಂಗಡಿಯಲ್ಲಿ ಸಿಗುವ ಜೆಲ್ಲಿ ಪುಡಿ ಸಾಕು. ಗಟ್ಟಿಯಾಗಿ ಕಲಸಿ, ನೀರು ತುಂಬಿದ ಎರಡು ರಬ್ಬರ್ ನಳಿಗೆಗಳನ್ನು ಒಂದಕ್ಕೊಂದು ಸೇರುವಂತೆ ಒಳಗೆ ಹೂತಿಡಿ. ಅಲ್ಟ್ರಾಸೌಂಡಿನಲ್ಲಿ ತೊಡೆಯ ಸಂದಿಯಂತೆಯೇ ಕಾಣುತ್ತದೆ. ಫೈಬರ್ ಬದಲು ತೆಳ್ಳನೆಯ ತಂತಿ ತೂರಿಸಿ. ಎರಡು ಸೆಂಟಿಮೀಟರ್ ಕೆಳಗೆ ನೂರು ಸಲ ನಿಲ್ಲಿಸಿ. ಸಕ್ಕರೆ ಇಲ್ಲದ ಪುಡಿಯನ್ನೇ ತನ್ನಿ, ಇಲ್ಲದಿದ್ದರೆ ಇರುವೆಗಳ ಮುಂದೆ ಪರೀಕ್ಷೆ ಕೊಡಬೇಕಾಗುತ್ತದೆ.

ತರಬೇತಿ ವಿಭಾಗ

*

ಮೇ 24

ಚೂಟಿ,

ಏನೇ ಹೇಳಿಕೊಟ್ಟೆ ಆ ಮನುಷ್ಯನಿಗೆ? ನನ್ನ ಫ್ರಿಜ್ಜಿನ ತುಂಬ ಪಾತ್ರೆ ಪಾತ್ರೆ ಜೆಲ್ಲಿ, ಒಳಗೆ ರಬ್ಬರ್ ನಳಿಗೆ. ಹಾಲಿಡಲು ಜಾಗವಿಲ್ಲ. ಮೊನ್ನೆ ನಿನ್ನ ಸೋದರತ್ತೆ ಬಂದವಳು ನನ್ನ ಕಣ್ಣು ತಪ್ಪಿಸಿ ಒಂದು ಚಮಚ ಬಾಯಿಗೆ ಹಾಕಿಕೊಂಡುಬಿಟ್ಟಳು. "ಅತ್ತಿಗೆ, ಇದಕ್ಕೆ ಸಕ್ಕರೆ ಹಾಕೋದು ಮರೆತಿದೀಯ" ಅಂದಳು. ಅದು ನಿಮ್ಮಣ್ಣನ ತೊಡೆ ಕಣೇ ಅಂದೆ. ಉಗುಳಿ ಬಂದು ಅಣ್ಣನ ಜೊತೆ ಜಗಳ ಕಾದಳು. ಎಷ್ಟೋ ದಿನಗಳ ಮೇಲೆ ಅವರು ನಕ್ಕಿದ್ದು ಅವತ್ತೇ.

ಮಧ್ಯಾಹ್ನ ಪಾತ್ರೆ ಎತ್ತಿಕೊಂಡು ಆಸ್ಪತ್ರೆಗೆ ಹೋಗುತ್ತಾರೆ. ಅವರು ತಂತಿ ತೂರಿಸುವುದು, ಸಿಸ್ಟರ್ ಪರದೆ ನೋಡಿ "ಮುಂದೆ ಹೋದ್ರಿ, ಮುಂದೆ ಹೋದ್ರಿ" ಎನ್ನುವುದು. ಮೊದಮೊದಲು ಪ್ರತಿ ಸಲವೂ ಮುಂದೆ ಹೋಗುತ್ತಿದ್ದರಂತೆ. ಒಂದು ದಿನ ತಂತಿ ಎಸೆದು, "ಈ ಕೈ ನಂದಲ್ಲ, ನನ್ನ ಮಾತೇ ಕೇಳಲ್ಲ" ಅಂದರಂತೆ. ಮಾರನೆಯ ದಿನ ಮತ್ತೆ ಜೆಲ್ಲಿ ಪುಡಿ ತಂದರು. ಹಠದಲ್ಲಿ ನೀನು ಯಾರ ಮಗಳು ಅಂತ ಬೇರೆ ಹೇಳಬೇಕಾ?

ಅಮ್ಮ

*

ಜೂನ್ 5

ಚೂಟಿ,

ಈ ಸಲದ ಪರೀಕ್ಷೆಯಲ್ಲಿ ನೀನು ಕೂರುವುದಿಲ್ಲವಂತೆ, ಬೇರೆ ಯಾರನ್ನೋ ಕೂರಿಸುತ್ತೀಯಂತೆ. ಮೀಸೆ ಡಾಕ್ಟರು ಫೋನ್ ಮಾಡಿ ಹೇಳಿದರು. ನನಗೆ ಮುಜುಗರವಾಗಬಾರದು ಅಂತಲಾ? ಯಾರು ಕೇಳಿದ್ದರು ನಿನ್ನನ್ನು?

ನೀನೇ ಕೂರಬೇಕು. ಬೇರೆಯವರು ಹೌದು ಎಂದರೆ ನನ್ನ ಬಿಳಿ ಕೂದಲಿಗೆ ಹೌದೆಂದರೋ, ಕೈಗೆ ಹೌದೆಂದರೋ ಎಂಬ ಅನುಮಾನ ನನಗೆ ಸಾಯುವವರೆಗೂ ಉಳಿಯುತ್ತದೆ. ಇಸ್ತ್ರಿಯಮ್ಮನನ್ನು ಮೇಜಿನ ಮೇಲೆ ಮಲಗಿಸುವವನು ನಾನು. ಆ ಅನುಮಾನ ಇಟ್ಟುಕೊಂಡು ಅವಳ ಕಾಲು ಮುಟ್ಟಲಾರೆ. ಮಗಳು ಅಪ್ಪನಿಗೆ ಪರೀಕ್ಷಕಿಯಾದರೆ ಜನ ಆಡಿಕೊಳ್ಳುತ್ತಾರೆ ಎನ್ನುವೆಯಾ? ಒಮ್ಮೆ ಫೇಲು ಮಾಡಿದವಳ ಬಗ್ಗೆ ಯಾರು ಏನು ಆಡಿಕೊಳ್ಳುತ್ತಾರೆ?

ನನಗೆ ನೋವಾಗಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಬಹಳ ಆಯಿತು. ಅದು ನನಗೂ ನಿನಗೂ ಇರುವ ಲೆಕ್ಕ, ಇಸ್ತ್ರಿಯಮ್ಮನ ಕಾಲಿಗೆ ಸಂಬಂಧವಿಲ್ಲ.

ಬೇಡ ಎನ್ನಬೇಕಾದರೆ ಈ ಸಲವೂ ಬೇಡ ಎನ್ನು.

ಅಪ್ಪ

*

ಜೂನ್ 29

ಅಪ್ಪಾ,

ಕಡೆಗೂ ಒಂದೂರಿನಲ್ಲೇ ಇದ್ದು, ಒಂದೇ ಕ್ಯಾಂಟೀನಿನಲ್ಲಿ ಕೂತು, ಹವಾಮಾನದ ಬಗ್ಗೆ ಮಾತಾಡಿ ಬಂದೆವು. ಅದಕ್ಕೇ ಬರೆಯುತ್ತಿದ್ದೇನೆ.

ಫೈಬರ್ ಮೇಲೇರುವಾಗ ನಾನು ಪರದೆ ನೋಡಲಿಲ್ಲ, ನಿಮ್ಮ ಬೆರಳು ನೋಡುತ್ತಿದ್ದೆ. ಬುಡ ಹತ್ತಿರ ಬಂದಾಗ ಹೆಬ್ಬೆರಳು ಮುಂದಕ್ಕೆ ತಳ್ಳಲು ಹೊರಟಿತು. ನೀವು ಹಿಡಿದು ನಿಲ್ಲಿಸಿದಿರಿ. ಒಂದಿಷ್ಟು ಹಿಂದಕ್ಕೆ ಎಳೆದು, ಅಳೆದು, "ಎರಡು" ಅಂದಿರಿ. ಔಷಧ ತುಂಬಿ ಮತ್ತೆ ಅಳೆದು, ಮತ್ತೆ "ಎರಡು" ಅಂದಿರಿ. ಸಿಸ್ಟರ್ ಹೌದು ಅಂದರು. ಪೆಡಲ್ ಒತ್ತುವ ಮುನ್ನ ನೀವು ನನ್ನ ಕಡೆ ನೋಡುತ್ತೀರೇನೋ ಎಂದುಕೊಂಡೆ. ನೋಡಲಿಲ್ಲ. ಅದು ನನಗೆ ಎಲ್ಲಕ್ಕಿಂತ ಇಷ್ಟವಾಯಿತು.

ನಾನು ಹೌದು ಎಂದು ಬರೆದೆ. ಮೀಸೆ ಡಾಕ್ಟರು ನನಗಿಂತ ಮೊದಲೇ ಬರೆದಿದ್ದರು, ಅವರ ಬಗ್ಗೆ ಕೇಳಲೇಬೇಡಿ. ಮೊದಲ ಕೆಲವು ಕೇಸುಗಳಿಗೆ ಪರೀಕ್ಷಕರಲ್ಲಿ ಒಬ್ಬರು ನಿಮ್ಮ ಪಕ್ಕದಲ್ಲಿ ನಿಲ್ಲಬೇಕು. ನಾನು ಬಂದರೆ ಇಸ್ತ್ರಿಯಮ್ಮ ಬಾಯಿ ಮುಚ್ಚುವುದಿಲ್ಲ, ನೀವೂ ಮುಚ್ಚುವುದಿಲ್ಲ. ಮೀಸೆ ಡಾಕ್ಟರನ್ನೇ ಕಳಿಸುತ್ತೇನೆ.

ಇನ್ನು ನಮ್ಮ ಲೆಕ್ಕ. ಅದರ ಬಗ್ಗೆ ಏನು ಬರೆಯಬೇಕೋ ಗೊತ್ತಾಗದೆ ನಾಲ್ಕು ಹಾಳೆ ಹರಿದೆ. ಇರಲಿ.

ಚೂಟಿ

*

ಸೆಪ್ಟೆಂಬರ್ 14

ಚೂಟಿ,

ಇಷ್ಟು ದಿನ ಬರೆಯದೆ ಕಾದದ್ದು ಇವತ್ತಿಗಾಗಿ. ಅರ್ಧಂಬರ್ಧ ಸುದ್ದಿ ಬರೆಯುವುದು ನನಗೆ ಆಗದು.

ವ್ಯಾನು ಬಂದ ದಿನ ಇಸ್ತ್ರಿಯಮ್ಮನೇ ಮೊದಲು. ಎದೆಬಡಿತ ತೋರಿಸುವ ಯಂತ್ರ ಪಕ್ಕದಲ್ಲಿ ಟಿಕ್ ಟಿಕ್ ಅನ್ನುತ್ತಿತ್ತು, ಅವಳು ಎಚ್ಚರವಾಗಿಯೇ ಇದ್ದಳು, ನನ್ನ ಗ್ರಹಚಾರ. ಲೇಸರ್ ಶುರುವಾದ ಕೂಡಲೇ, "ಡಾಕ್ಟ್ರೇ, ಒಳಗಡೆ ಏನು ಮಾಡ್ತಿದೀರಿ? ಬೆಚ್ಚಗಾಗ್ತಿದೆ" ಅಂದಳು. ನರದ ಒಳಗೆ ಬಿಸಿ ಕೊಟ್ಟು ಮುಚ್ಚುತ್ತಾ ಬರುತ್ತಿದ್ದೇನೆ ಅಂದೆ. "ಓ, ಇಸ್ತ್ರಿ! ಹಾಗಾದ್ರೆ ಒಂದೇ ಕಡೆ ನಿಲ್ಲಿಸಬೇಡಿ, ಸುಟ್ಟುಹೋಗುತ್ತೆ, ಎಳ್ಕೊಂಡು ಬನ್ನಿ" ಅಂದಳು. ಮೀಸೆ ಡಾಕ್ಟರು ನಗು ಮುಚ್ಚಿಕೊಳ್ಳಲು ಗೋಡೆ ಕಡೆ ತಿರುಗಿಬಿಟ್ಟರು. ನಾನು ನಗಲಿಲ್ಲ, ಕೈ ಅಲ್ಲಾಡುತ್ತದೆ ಅಂತ. ಆಮೇಲೆ ಒಬ್ಬನೇ ಇದ್ದಾಗ ನಕ್ಕೆ.

ಎದ್ದು, ಬಿಗಿ ಬ್ಯಾಂಡೇಜ್ ಕಟ್ಟಿಸಿಕೊಂಡು, ರಸ್ತೆ ದಾಟಿ ಅಂಗಡಿಗೆ ಹೋದಳು. ಒಂದು ವಾರ ನಿಲ್ಲುವ ಕೆಲಸ ಬೇಡ ಅಂದಿದ್ದೆ. ಸ್ಟೂಲ್ ಮೇಲೆ ಕೂತು ಇಸ್ತ್ರಿ ಮಾಡಿದಳು. ಇವಳಿಗೆ ಬುದ್ಧಿ ಹೇಳುವುದು ನಿನಗೆ ಹೇಳಿದ ಹಾಗೇ.

ಸಿಸ್ಟರ್ ವಾರವಾರ ಬ್ಯಾಂಡೇಜ್ ಬದಲಿಸಿದರು. ಹುಣ್ಣು ಅಂಚಿನಿಂದ ಒಳಕ್ಕೆ ಚಿಕ್ಕದಾಗುತ್ತಾ ಬಂತು. ಇವತ್ತು ಬಿಚ್ಚಿದರೆ ಹುಣ್ಣೇ ಇಲ್ಲ. ತೆಳ್ಳನೆಯ ಗುಲಾಬಿ ಚರ್ಮ ಮುಚ್ಚಿಕೊಂಡಿದೆ. ಇಸ್ತ್ರಿಯಮ್ಮ ಬಗ್ಗಿ ನೋಡಿದಳು. ಮುಟ್ಟಿ ನೋಡಲಾ ಎಂದು ಕೇಳಿದಳು. ಮುಟ್ಟಿದಳು. ಇನ್ನೊಮ್ಮೆ ಮುಟ್ಟಿದಳು. ಆ ಕಾಲಿಗೆ ಡ್ರೆಸ್ಸಿಂಗ್ ಮಾಡುತ್ತಲೇ ನಾನು ಮುದುಕನಾದವನು.

ಒಕ್ಕೂಟದವರು ನನ್ನನ್ನೂ ಪರೀಕ್ಷಕರ ಸಾಲಿಗೆ ಸೇರಿಸುತ್ತಾರಂತೆ. ನಿನ್ನ ಕಿತಾಪತಿಯಾ? ಅಲ್ಲ ಎಂದರೆ ನಂಬುವುದಿಲ್ಲ.

ಅಪ್ಪ

*

ಡಿಸೆಂಬರ್ 11

ಮಗಳೇ,

ಮೀಸೆ ಡಾಕ್ಟರ ಆಸ್ಪತ್ರೆಯ ಅತಿಥಿ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ. ಇವತ್ತು ಇಲ್ಲಿ ನಾನು ಮೊದಲ ಸಲ ಪರೀಕ್ಷಕನಾಗಿ ಕೂತಿದ್ದೆ.

ನಿನ್ನ ವಯಸ್ಸಿನ ಒಬ್ಬಳು ಸರ್ಜನ್ ಬಂದಿದ್ದಳು, ಬಹಳ ದೂರದ ಆಸ್ಪತ್ರೆಯಿಂದ. ಒಳ್ಳೆಯ ಕೈ. ಗುರುತು, ಸೂಜಿ, ಅಳತೆ ಎಲ್ಲ ಅಚ್ಚುಕಟ್ಟು. ಎಲ್ಲ ಮುಗಿಯಿತು ಎನ್ನುವಾಗ ಪಾದದ ನಾಡಿ ಮುಟ್ಟಿ ನೋಡದೆ ಬಿಗಿ ಬ್ಯಾಂಡೇಜ್ ಕಟ್ಟಲು ಹೊರಟಳು. ಕಾಲಿಗೆ ರಕ್ತ ಇಳಿಯುವ ನಾಳವೇ ಕಿರಿದಾಗಿದ್ದರೆ ಆ ಬಿಗಿಗೆ ಪಾದ ಕಪ್ಪಾಗಿಹೋಗುತ್ತದೆ. ನಾನು ಕಾದೆ. ಈಗ ನೋಡುತ್ತಾಳೆ, ಈಗ ನೋಡುತ್ತಾಳೆ ಅಂತ. ನೋಡಲಿಲ್ಲ. "ನಿಲ್ಲಿಸಮ್ಮಾ" ಅಂದೆ.

ಮೀಸೆ ಡಾಕ್ಟರು ಎಂದಿನಂತೆ ಹೌದು ಎಂದರು. ನಾನು ಬೇಡ ಅಂದೆ. ಅವಳು ವಾದ ಮಾಡಲಿಲ್ಲ. "ಸರಿ ಸರ್" ಎಂದು ಗ್ಲೌಸ್ ಬಿಚ್ಚಿ, ನೀಟಾಗಿ ಬುಟ್ಟಿಗೆ ಹಾಕಿ ಹೋದಳು. ಅತ್ತಿದ್ದರೆ, ಕೂಗಾಡಿದ್ದರೆ ನನಗೆ ಎಷ್ಟೋ ಸಲೀಸಾಗುತ್ತಿತ್ತು. ಅವಳು ಗೇಟಿನ ಹೊರಗೆ ಬಸ್ಸಿಗೆ ಕಾಯುತ್ತಾ ನಿಂತಿದ್ದು ಈ ಕಿಟಕಿಯಿಂದ ಕಾಣುತ್ತಿತ್ತು.

ನನ್ನ ತೀರ್ಮಾನ ಸರಿ. ಅದರಲ್ಲಿ ಅನುಮಾನವಿಲ್ಲ. ನಾಳೆ ಅವಳಿಗೆ ಕಾಗದ ಬರೆಯುತ್ತೇನೆ, ಬೇಸಿಗೆಯಲ್ಲಿ ಮತ್ತೆ ಬಾ ಅಂತ. ಆದರೆ ಊಟಕ್ಕೆ ಕೂತರೆ ತುತ್ತು ಗಂಟಲಲ್ಲಿ ಇಳಿಯಲಿಲ್ಲ. ತಟ್ಟೆ ಹಾಗೇ ಬಿಟ್ಟು ಎದ್ದೆ.

ಅವಳು ನನಗೆ ಯಾರೂ ಅಲ್ಲ. ಹೆಸರು ಕೂಡ ಪಟ್ಟಿ ನೋಡಿಯೇ ಹೇಳಬೇಕು. ನಾನು ಇಷ್ಟು ದಿನ ನನಗಾದದ್ದನ್ನೇ ನೆನೆಸಿಕೊಂಡು ಕೂತಿದ್ದೆ.

ಅವತ್ತು, ನಾನು ಬಸ್ಸು ಹತ್ತಿದ ಮೇಲೆ, ನೀನು ಊಟ ಮಾಡಿದೆಯಾ ಮಗಳೇ?

ಅಪ್ಪ